ಮಣ್ಣೆತ್ತು ಮುರಿದು ಕಲಿತ ಗಣಿತ

ಬಸವಣ್ಣನ ಕಾಲು ಮುರಿದ ಆರೋಪ ನನ್ನ ಮೇಲೆ ಬಂದಾಗ ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಡಬ್ಬಿಯ ಅವಲಕ್ಕಿ ತಿನ್ನುತ್ತಿದ್ದೆ. ಹೊರಗೆ ಒಂದು ಹೆಣ್ಣುದನಿ. ಮಾತಾಡುವ ದನಿಯಲ್ಲ ಅದು, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ರೂಢಿಯಾದ ದನಿ. "ಎಲ್ಲದಾಳ ಆ ಗಣಿತದಾಕಿ? ಪೂಜಿ ಮಾಡಿದ ಬಸವಣ್ಣನ್ನ ಮುರಿಯಾಕ ಹಚ್ಚಿದಾಕಿ ಎಲ್ಲದಾಳ?" ನಾನು ಚಮಚ ಕೆಳಗಿಟ್ಟೆ. ಧಾರವಾಡದ ಆ ಹೈಸ್ಕೂಲಿನಲ್ಲಿ ಗಣಿತದಾಕಿ ಎಂದರೆ ನಾನೊಬ್ಬಳೇ.

ಬಾಗಿಲಲ್ಲಿ ನಿಂತವರು ಒಬ್ಬ ಅಜ್ಜಿ. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಮಡಚಿದ ಕೊಡೆ, ಕೈಯಲ್ಲಿ ಒಂದು ಕ್ಯಾರಿಬ್ಯಾಗು. ಆ ಚೀಲದೊಳಗಿನಿಂದ ಅವರು ಒಂದೊಂದಾಗಿ ತೆಗೆದು ನನ್ನ ಮುಂದಿನ ಟೇಬಲ್ಲಿನ ಮೇಲಿಟ್ಟರು. ಕೋಡಿಲ್ಲದ ಒಂದು ಮಣ್ಣಿನ ಎತ್ತಿನ ತಲೆ. ಒಂದು ಹಿಂಗಾಲು. ಅರ್ಧ ಗೋದಲಿ. ಎದುರಿಗೆ ಕುಳಿತಿದ್ದ ಇಂಗ್ಲಿಷ್ ಸರ್ ತಮ್ಮ ಚಹಾದ ಕಪ್ಪನ್ನು ಮೆಲ್ಲಗೆ ಆ ಕಡೆ ಸರಿಸಿಕೊಂಡರು.

"ಏನ್ರಿ ಅಕ್ಕೋರ ಇವು?" ಎಂದರು ಅಜ್ಜಿ.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಮುಂಗಾರು ಶುರುವಾಗುವ ಹೊತ್ತಿಗೆ, ಶಾಲೆಗಳು ಆಗಷ್ಟೇ ತೆರೆದಿರುತ್ತವೆ. ಅಂದು ಎರೆಹೊಲದ ಕರಿಮಣ್ಣು ತಂದು, ಕಲಸಿ, ಜೋಡೆತ್ತು ಮಾಡಿ, ಅವುಗಳ ಮುಂದೆ ಮೇವು ತಿನ್ನಲು ಮಣ್ಣಿನದೇ ಒಂದು ಗೋದಲಿ ಮಾಡಿಟ್ಟು ಪೂಜಿಸುತ್ತಾರೆ. ಹೋಳಿಗೆ ನೈವೇದ್ಯ ಆಗುತ್ತದೆ. ಕೆಲವು ದಿನ ಜಗುಲಿಯ ಮೇಲಿಟ್ಟು ಆಮೇಲೆ ಬಾವಿಗೋ ಕೆರೆಗೋ ಬಿಡುತ್ತಾರೆ. ಪೂಜೆಯಾದ ಮೇಲೆ ಅವು ಎತ್ತಲ್ಲ, ಬಸವಣ್ಣ.

ಆ ಅಮಾವಾಸ್ಯೆಯ ಮರುದಿನವೇ ನಾನು ಹತ್ತನೇ ತರಗತಿಯಲ್ಲಿ ಅಪ್ಪಣೆ ಕೊಟ್ಟಿದ್ದೆ. ಹಿಂದಿನ ವರ್ಷದ್ದನ್ನು ಮತ್ತೆ ನೆನಪಿಸುವ ಸೇತುಬಂಧದ ಪಾಠಗಳು ನಡೆದಿದ್ದವು. "ನಾಳೆ ಬರೂಮುಂದ ಎಲ್ಲಾರೂ ಒಂದೊಂದ ಉಂಡಿ ಎರಿಮಣ್ಣ ತರ್ರಿ. ಘನಫಲ ಕೈಲೆ ಮಾಡಿ ಕಲಿಯೂಣು" ಎಂದಿದ್ದೆ. ಹೊರಗೆ ಜಿಟಿಜಿಟಿ ಮಳೆ. ಆ ಕೆಸರಿನಲ್ಲಿ ಹೊಲಕ್ಕೆ ಹೋಗುವವರು ಯಾರು? ಮನೆಯ ಜಗುಲಿಯ ಮೇಲೆ ತಯಾರು ಮಣ್ಣು ಕುಳಿತಿದೆಯಲ್ಲ! ಶಾಣ್ಯಾ ಮಕ್ಕಳು ನನ್ನವು. ಮೂರ್ನಾಲ್ಕು ಮನೆಗಳ ಬಸವಣ್ಣಂದಿರು ಕಾಲು ಕೋಡು ಕಳೆದುಕೊಂಡು ಪ್ಲಾಸ್ಟಿಕ್ ಚೀಲಗಳಲ್ಲಿ ಶಾಲೆಗೆ ಬಂದರು. ನಾನು ನೀರು ಚಿಮುಕಿಸಿ ಕಲಸಲು ಹೇಳಿದೆ, ಅವರು ಕಲಸಿದರು. ಮಣ್ಣಿನ ಉಂಡೆ ಕಂಡರೆ ಅದರೊಳಗೆ ಕೋಡು ಹುಡುಕುವ ಅಭ್ಯಾಸ ನನಗಿಲ್ಲ. ಈ ಅಜ್ಜಿಯ ಮೊಮ್ಮಗಳಂತೂ ಉಳಿದ ತುಂಡುಗಳನ್ನು ಬಿಸಾಡಲು ಅಂಜಿ, ಭಕ್ತಿಯಿಂದ ತನ್ನೂರು ಅಮ್ಮಿನಬಾವಿಗೆ ವಾಪಸು ಒಯ್ದಿದ್ದಳು. ಕಳ್ಳತನ ಅಲ್ಲಿಯೇ ಬಯಲಾಯಿತು.

ಆ ಮೊಮ್ಮಗಳ ಬಗ್ಗೆಯೇ ಈ ಬರಹ.

ಹಿಂದಿನ ಬೆಂಚಿನ ಗೋಡೆ ಬದಿಗೆ ಕೂರುವ ಹುಡುಗಿ. ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ವಹಿ ನೋಡಿದರೆ ಯಾವ ಅಧಿಕಾರಿಯೂ ಮೆಚ್ಚಿ ಸಹಿ ಹಾಕಬೇಕು, ಅಷ್ಟು ದುಂಡಗಿನ ಅಕ್ಷರ. ನಾನು ಬೋರ್ಡಿನ ಮೇಲೆ ಬರೆದದ್ದು ಒಂದು ಚುಕ್ಕೆಯೂ ಬಿಡದೆ ಅಲ್ಲಿ ಇಳಿದಿರುತ್ತಿತ್ತು. ಬರೆದದ್ದು ಏನು ಎಂದು ಕೇಳಿದಿರೋ, ನೆಲ ನೋಡುತ್ತಿದ್ದಳು. ಒಂಬತ್ತನೆಯ ತರಗತಿಯನ್ನು ಅವಳು ಹೀಗೆ ನೆಲ ನೋಡಿಯೇ ದಾಟಿ ಬಂದಿದ್ದಳು. ನಮ್ಮಲ್ಲಿ ವಹಿ ಪೂರ್ತಿ ಇದ್ದರೆ ಮಗು ಕಲಿತಿದೆ ಎಂದೇ ಲೆಕ್ಕ. ವಹಿ ಕಲಿತಿತ್ತು, ಖರೆ. ಹುಡುಗಿ ಕಲಿತಿರಲಿಲ್ಲ. ದೊಡ್ಡವಳಾದ ಮೇಲೆ ಏನಾಗುತ್ತೀ ಎಂದು ಒಮ್ಮೆ ಕೇಳಿದ್ದಕ್ಕೆ ಮಾತ್ರ ಬಾಯಿ ಬಿಟ್ಟಿದ್ದಳು: "ಕಂಡಕ್ಟರ್ ಆಗತೇನ್ರಿ." ಅದಕ್ಕೂ ಎಸ್ಸೆಸ್ಸೆಲ್ಸಿ ದಾಟಲೇಬೇಕು.

ಅದೇ ಬೇಸಿಗೆಯಲ್ಲಿ ನಮಗೊಂದು ತರಬೇತಿ ಆಗಿತ್ತು. ತರಬೇತಿ ಕೊಡಲು ಬಂದವರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ, ಮಕ್ಕಳಲ್ಲಿ ಮೂರು ಜಾತಿ ಎಂದರು: ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು, ಕೈಯಿಂದ ಕಲಿಯುವವರು. ಶಾಲೆಗೆ ಹೋಗಿ ಪ್ರತಿ ಮಗುವೂ ಯಾವುದು ಎಂದು ಕಂಡುಹಿಡಿದು ಹಳದಿ, ಹಸಿರು, ಕೆಂಪು ಚೀಟಿ ಕೊಡಬೇಕಂತೆ. ನಾನು ಕೈ ಎತ್ತಿ ಕೇಳಿದೆ: "ಸರ, ಮಕ್ಕಳೇನು ಉಪ್ಪಿನಕಾಯಿ ಭರಣಿ ಏನ್ರಿ, ಚೀಟಿ ಹಚ್ಚಿ ಹಲಗಿ ಮ್ಯಾಲೆ ಇಡಾಕ?" ಅವರು ನಕ್ಕು, ನಿಮ್ಮ ಪ್ರಶ್ನೆ ಒಳ್ಳೆಯದು ಮೇಡಂ ಎಂದರು. ಪ್ರಶ್ನೆ ಒಳ್ಳೆಯದು ಎಂದವರು ಉತ್ತರ ಕೊಡುವುದಿಲ್ಲ ಎನ್ನುವುದು ನನಗೆ ಗೊತ್ತು. ಚೀಟಿಗಳನ್ನು ನಾನು ಮನೆಗೆ ತಂದು ಸಾಮಾನು ಬರೆಯಲು ಬಳಸಿದೆ.

ಆದರೆ ಒಂದು ಮಾತು ಮಾತ್ರ ತಲೆಯಲ್ಲಿ ಕುಳಿತಿತ್ತು. ಒಂದೇ ದಾರಿಯಲ್ಲಿ ಎಲ್ಲರನ್ನೂ ಅಟ್ಟಬೇಡಿ ಎನ್ನುವುದು. ಅದನ್ನು ತಿಳಿಯಲು ನನಗೆ ತರಬೇತಿ ಬೇಕಿರಲಿಲ್ಲ ಎನ್ನಿ. ನನ್ನ ತವರಿನಲ್ಲಿ ಜೋಳದ ರೊಟ್ಟಿ ಬಡಿಯುತ್ತಾರೆ, ಬೈರಿದೇವರಕೊಪ್ಪದ ಅತ್ತೆಮನೆಯಲ್ಲಿ ಲಟ್ಟಿಸುತ್ತಾರೆ. ಮದುವೆಯಾದ ಹೊಸತರಲ್ಲಿ ನಾನು ಲಟ್ಟಣಿಗೆ ಹಿಡಿದರೆ ರೊಟ್ಟಿ ಕರ್ನಾಟಕದ ನಕಾಶೆಯಾಗುತ್ತಿತ್ತು. ನಾಲ್ಕು ದಿನ ನೋಡಿ ಅತ್ತೆ ಲಟ್ಟಣಿಗೆಯನ್ನು ಕಸಿದುಕೊಂಡರು. "ನಿನ್ನ ಕೈಗೆ ಹೆಂಗ ಬರತೈತಿ ಹಂಗ ಬಡೀವಾ. ಉಣ್ಣಾವ್ರಿಗೆ ರೊಟ್ಟಿ ಬೇಕು" ಎಂದರು. ಅಡುಗೆಮನೆಯಲ್ಲಿ ಒಪ್ಪುವ ಈ ಸಾದಾ ಮಾತನ್ನು ಶಾಲೆಯಲ್ಲಿ ಯಾರೂ ಯಾಕೆ ಒಪ್ಪುವುದಿಲ್ಲ ಎಂಬುದೇ ನನ್ನ ಸಿಟ್ಟು.

ಹಾಗಾಗಿ ಮಣ್ಣು. ಹುಡುಗರು ಉಂಡೆ ಮಾಡಿದರು, ಶಂಕು ಮಾಡಿದರು, ಕೊಳವೆಯಂಥ ಸಿಲಿಂಡರ್ ಮಾಡಿದರು. ನಾನು ಹಳೆಯ ಲೆಕ್ಕವೊಂದನ್ನು ಕೇಳಿದೆ, ಪ್ರತಿ ವರ್ಷ ಯಾವುದಾದರೂ ಪರೀಕ್ಷೆಯಲ್ಲಿ ಬಂದೇ ಬರುವಂಥದ್ದು. ಲೋಹದ ಗೋಳವನ್ನು ಕರಗಿಸಿ ಸಿಲಿಂಡರ್ ಎರಕ ಹೊಯ್ದರೆ ಅದರ ಎತ್ತರವೆಷ್ಟು? ಗೋಡೆ ಬದಿಯ ಹುಡುಗಿ ತನ್ನ ಕೈಯಲ್ಲಿದ್ದ ಉಂಡೆಯನ್ನು ಒತ್ತಿ ಕೊಳವೆ ಮಾಡಿದಳು. ಮತ್ತೆ ಉಂಡೆ ಮಾಡಿದಳು. ಮತ್ತೆ ಕೊಳವೆ. ಆಮೇಲೆ ನೆಲ ನೋಡದೆ ನನ್ನನ್ನೇ ನೋಡಿ, "ಅಕ್ಕೋರ, ಮಣ್ಣ ಇದ್ದಷ್ಟ ಐತೆಲ್ರಿ. ಆಕಾರ ಅಷ್ಟ ಬ್ಯಾರೆ. ಹಂಗಾರ ಎರಡೂದರ ಘನಫಲ ಒಂದ ಆತಲ್ರಿ" ಎಂದಳು. ಆ ಲೆಕ್ಕದ ಜೀವವೇ ಅದು. ಉಳಿದದ್ದು ಬರೀ ಗುಣಾಕಾರ.

ಈಗ ಮತ್ತೆ ಸ್ಟಾಫ್ ರೂಮಿಗೆ ಬನ್ನಿ, ಅಜ್ಜಿ ಕಾಯುತ್ತಿದ್ದಾರೆ.

"ತಪ್ಪಾತ್ರಿ ಅಮ್ಮಾ. ಹೊಲದಾಗಿನ ಹಸಿ ಮಣ್ಣ ತರ್ರಿ ಅಂತ ಬಿಡಿಸಿ ಹೇಳಬೇಕಾಗಿತ್ತು" ಎಂದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದವರು ಈ ಅಜ್ಜಿಯನ್ನು ನೋಡಿರಲಿಲ್ಲ. ಅವರಿಗೆ ಮಾತೂ ಗೊತ್ತು, ಜಗಳವೂ ಗೊತ್ತು. ಮನೆಯಲ್ಲಿ ಮಗ, ನಿನಗೆ ಬಾಯಿ ಇದೆ, ನೀನೇ ಹೋಗು ಎಂದು ಇವರನ್ನು ಕಳಿಸಿದ್ದನಂತೆ. ಗದ್ದಲ ಕೇಳಿ ಹೆಡ್ಮಾಸ್ತರರು ಬಂದರು. ಮೊಮ್ಮಗಳನ್ನು ಕರೆಸಲಾಯಿತು.

"ಏನ ಮಾಡಿದಿ ಬಸವಣ್ಣನ್ನ? ಹೇಳ ಎಲ್ಲಾರ ಮುಂದ" ಎಂದರು ಅಜ್ಜಿ. ಅಳುತ್ತಾಳೆ ಎಂದುಕೊಂಡೆ. ಅವಳು ಟೇಬಲ್ಲಿನ ಮೇಲಿದ್ದ ಹಿಂಗಾಲನ್ನು ಕೈಗೆತ್ತಿಕೊಂಡು, "ಆಯಿ, ಇದನ್ನ ಉಂಡಿ ಮಾಡಿದ್ರೂ ಅಷ್ಟ ಮಣ್ಣ, ಕೊಳವಿ ಮಾಡಿದ್ರೂ ಅಷ್ಟ ಮಣ್ಣ. ಎತ್ತರ ಕಂಡಹಿಡೀಬೇಕಂದ್ರ ಮೊದಲ ಇದರ ಘನಫಲ ತಗೀಬೇಕು" ಎಂದು ಶುರುಮಾಡಿ, ಸೂತ್ರದವರೆಗೂ ಹೋದಳು. ಸೂತ್ರ ಅರ್ಧಕ್ಕೆ ತಪ್ಪಿತು, ಇರಲಿ.

ಅಜ್ಜಿ ಮೊಮ್ಮಗಳ ಕೈಯಿಂದ ಹಿಂಗಾಲನ್ನು ಕಸಿದುಕೊಂಡರು. "ಇಷ್ಟ ತಿಳಕೊಳ್ಳಾಕ ದೇವ್ರ ಕಾಲ ಮುರೀಬೇಕಾತೇನ?" ಎಂದು ಬೈದರು. ಆಮೇಲೆ ನನ್ನ ಹತ್ತಿರ ಬಗ್ಗಿ, ಗುಟ್ಟು ಕೇಳುವ ಹಾಗೆ, "ಅಕ್ಕೋರ, ಈಕಿ ಸಾಲ್ಯಾಗ ಹಿಂಗ ಮಾತಾಡತಾಳೇನ್ರಿ?" ಎಂದರು.

"ಮಣ್ಣ ಹಿಡದ್ರ ಮಾತಾಡತಾಳ್ರಿ" ಎಂದೆ.

ಅಜ್ಜಿ ತುಂಡುಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು, ಅವನ್ನು ಬಾವಿಗೆ ಬಿಟ್ಟು ಬಸವಣ್ಣನಿಗೆ ತಪ್ಪುಗಾಣಿಕೆ ಹಾಕುತ್ತೇನೆಂದು ಹೇಳಿ ಹೋದರು. ವಾರದೊಳಗೆ ಅಮ್ಮಿನಬಾವಿಯ ಬಸ್ಸಿನಲ್ಲಿ ನನ್ನ ಹೆಸರಿಗೆ ಅರ್ಧ ಚೀಲ ಎರೆಮಣ್ಣು ಬಂತು. ಯಾವ ಪೂಜೆಯೂ ಆಗಿರದ, ಸೋಸಿ ಕಲ್ಲು ಆರಿಸಿದ ಮಣ್ಣು.

ಅಲ್ಲಿಂದ ನನ್ನ ತರಗತಿಯ ರೂಪವೇ ಬದಲಾಯಿತು. ಎಲ್ಲರಿಗೂ ಮಣ್ಣೇ ಎಂದಲ್ಲ. ಒಬ್ಬ ಹುಡುಗ ವಾದ ಮಾಡಿದರೆ ಮಾತ್ರ ತಿಳಿದುಕೊಳ್ಳುತ್ತಿದ್ದ, ಅವನನ್ನು ಬೋರ್ಡಿನ ಹತ್ತಿರ ನಿಲ್ಲಿಸಿ ನಾನು ಬೇಕಂತಲೇ ತಪ್ಪು ಹೇಳುತ್ತಿದ್ದೆ. ಅವನು ಹುಲಿಯಂತೆ ಮೇಲೆ ಬೀಳುತ್ತಿದ್ದ. ಇಬ್ಬರು ಹುಡುಗಿಯರು ಪಿಸಿಪಿಸಿ ಮಾತಾಡುತ್ತ ಒಬ್ಬರಿಗೊಬ್ಬರು ಹೇಳಿಕೊಂಡು ಕಲಿಯುತ್ತಿದ್ದರು, ಬಿಟ್ಟುಬಿಟ್ಟೆ. ಬೋರ್ಡು ನೋಡಿ ಬರೆದುಕೊಂಡೇ ಕಲಿಯುವವರೂ ಇದ್ದರು, ಅವರಿಗೆ ಬೋರ್ಡು. ಗದ್ದಲವೆಂದರೆ ಗದ್ದಲ. ವಹಿಗಳು ಅರ್ಧಮರ್ಧ. ಹೆಡ್ಮಾಸ್ತರರು ಕಿಟಕಿಯಲ್ಲಿ ಇಣುಕಿ, "ಮೇಡಂ, ಇದು ಸಾಲಿನೋ ಕುಂಬಾರ ಓಣಿನೋ?" ಎನ್ನುವರು. "ಎರಡೂ ಕಡಿ ಹಸಿ ಇದ್ದಾಗನ ತಿದ್ದಬೇಕ್ರಿ ಸರ" ಎನ್ನುವೆ ನಾನು. ಇಂಗ್ಲಿಷ್ ಸರ್ ದಿನಾ ಸಂಜೆ, "ನಾಳೆ ಮಡಕಿ ಎಷ್ಟಕ್ಕ ಮಾರತೀರಿ?" ಎಂದು ಚೇಷ್ಟೆ ಮಾಡುವರು. ಒಳ್ಳೆಯ ಮನುಷ್ಯರೇ, ಆದರೆ ಅವರ ಕ್ಲಾಸಿನಲ್ಲಿ ಸೂಜಿ ಬಿದ್ದರೆ ಕೇಳಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಕಲಿಸಲಾರದ ಮಾಸ್ತರುಗಳು ಮಗು ದಡ್ಡ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ಹಾಗೆಂದು ಎಲ್ಲ ಸಲೀಸಾಗಿತ್ತು ಎಂದೇನೂ ಅಲ್ಲ. ಶ್ರಾವಣದ ಹೊತ್ತಿಗೆ ಒಂದು ದಿನ ನಾನು ಎಲ್ಲರಿಗೂ ಪೆನ್ನು ಹಿಡಿಯಲು ಹೇಳಿ ಅವಳ ಮುಂದೆ ಮಾತ್ರ ಮಣ್ಣಿನ ಹಲಗೆ ಇಟ್ಟೆ. ಅವಳು ಹಲಗೆಯನ್ನು ನನ್ನ ಕಡೆ ತಳ್ಳಿದಳು. "ನಾ ಏನ ಅಂಗನವಾಡಿ ಕೂಸೇನ್ರಿ ಅಕ್ಕೋರ? ಎಲ್ಲಾರೂ ಬರ್ಯಾಕತ್ತಾರ. ಪರೀಕ್ಷಾದಾಗ ನಾನೂ ಬರೀಬೇಕಲ್ರಿ" ಎಂದಳು. ಕೆನ್ನೆಗೆ ಹೊಡೆದ ಹಾಗಾಯಿತು ನನಗೆ, ಸಂತೋಷವೂ ಆಯಿತು. ಚೀಟಿ ಹಚ್ಚುವುದಿಲ್ಲ ಎಂದು ತರಬೇತಿಯಲ್ಲಿ ಜಂಬ ಕೊಚ್ಚಿಕೊಂಡವಳು ನಾನು, ಅವಳಿಗೆ ಕೆಂಪು ಚೀಟಿ ಹಚ್ಚಿಯೇಬಿಟ್ಟಿದ್ದೆ. ಅವಳು ಅದನ್ನು ಕಿತ್ತು ಒಗೆದಳು.

ಅಂದಿನಿಂದ ನಾವಿಬ್ಬರೂ ಮಣ್ಣಿನಿಂದ ಕಾಗದಕ್ಕೆ ದಾಟುವ ಕೆಲಸ ಹಿಡಿದೆವು. ಮೊದಲು ಮಣ್ಣಿನ ಶಂಕು, ಅದರ ಮೇಲೆ ಕಡ್ಡಿಯಿಂದ ಗೀರಿ ಇದು ತ್ರಿಜ್ಯ, ಇದು ಎತ್ತರ ಎಂದು ಗುರುತು. ಪಕ್ಕದಲ್ಲಿ ಅದರದೇ ಚಿತ್ರ. ಆಮೇಲೆ ಮಣ್ಣು ತೆಗೆದು ಬರೀ ಚಿತ್ರ. ಆಮೇಲೆ ಚಿತ್ರವನ್ನೂ ಮುಚ್ಚಿ ಬರೀ ಅಕ್ಷರ. ತಪ್ಪಿದರೆ ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಮಣ್ಣು. ಸಂಜೆ ಬಸ್ಸಿಗೆ ಇನ್ನೂ ಹೊತ್ತಿದ್ದಾಗ ಕೂರುತ್ತಿದ್ದೆವು. ಎಷ್ಟೋ ದಿನ ನಿನ್ನೆ ಬಂದದ್ದು ಇವತ್ತು ಬರುತ್ತಿರಲಿಲ್ಲ. "ಯಾಕೋ ಹೊಳಿವಲ್ದ್ರಿ" ಎಂದು ಅವಳು, "ಹೊಳಿಯೂತನಕಾ ಬಿಡೂದಿಲ್ಲ" ಎಂದು ನಾನು.

ದಸರೆಗೆ ಮುಂಚಿನ ಪರೀಕ್ಷೆಯಲ್ಲಿ ಅವಳು ಗಣಿತದಲ್ಲೂ ಇಂಗ್ಲಿಷಿನಲ್ಲೂ ಬಿದ್ದಳು. ಎಸ್ಸೆಸ್ಸೆಲ್ಸಿ ಬೋರ್ಡಿಗೆ ಪರೀಕ್ಷಾರ್ಥಿಗಳ ಹೆಸರು ಕಳಿಸುವ ಹೊತ್ತು ಅದು. ನಮ್ಮ ಶಾಲೆಗೆ ಕೆಲವು ವರ್ಷಗಳಿಂದ ನೂರಕ್ಕೆ ನೂರು ಫಲಿತಾಂಶದ ಚಟ ಹತ್ತಿತ್ತು. ಚಟ ಎಂದೇ ಅನ್ನುತ್ತೇನೆ. ಬೀಳುವ ಮಕ್ಕಳನ್ನು ಎತ್ತಿ ನಿಲ್ಲಿಸಿ ಗಳಿಸಿದ ನೂರಾದರೆ ನಾನೇ ಫ್ಲೆಕ್ಸ್ ಕಟ್ಟುತ್ತಿದ್ದೆ. ಬೀಳಬಹುದಾದವರನ್ನು ಮೊದಲೇ ಹೊರಗೆ ಕಳಿಸಿ ಗಳಿಸುವ ನೂರು ಎಂಥದ್ದು? ಹೆಡ್ಮಾಸ್ತರರು ಅಜ್ಜಿಗೆ ಹೇಳಿ ಕಳಿಸಿದರು. ನನಗೆ ಹೇಳಲಿಲ್ಲ. ಅಜ್ಜಿಯೇ ದಾರಿಯಲ್ಲಿ ನನ್ನ ಕ್ಲಾಸಿನ ಬಾಗಿಲಿಗೆ ಬಂದು, "ಅಕ್ಕೋರ, ನೀವೂ ಬರ್ರಿ. ಮಾಸ್ತರ ದನಿ ಸಣ್ಣದ ಮಾಡಿ ಕರದಾರ, ನನಗ್ಯಾಕೋ ಛಲೋ ಕಾಣವಲ್ದು" ಎಂದು ಕರೆದೊಯ್ದರು. ಮೊಮ್ಮಗಳು ಹಿಂದೆಯೇ ಬಂದು ಗೋಡೆಗೆ ಆತು ನಿಂತಳು.

"ನೋಡ್ರಿ ಅಮ್ಮಾ, ನಾ ನಿಮ್ಮ ಒಳ್ಳೇದಕ್ಕ ಹೇಳತೇನಿ" ಎಂದು ಹೆಡ್ಮಾಸ್ತರರು ಶುರುಮಾಡಿದರು. "ಈ ವರ್ಷ ಈಕಿನ್ನ ಸಾಲಿ ಬಿಡಸ್ರಿ. ಮುಂದಿನ ವರ್ಷ ಹೊರಗಿನಿಂದ ಪರೀಕ್ಷಾ ಕಟ್ಟಿದ್ರಾತು. ಆರಾಮ ಓದತಾಳ."

ನಮ್ಮ ಕಡೆ ಹತ್ತನೆಯ ತರಗತಿಯನ್ನು ನಡುವೆ ಬಿಟ್ಟ ಹುಡುಗಿಯರಲ್ಲಿ ಎಷ್ಟು ಜನ ಮರುವರ್ಷ ಆರಾಮಾಗಿ ಓದಿದ್ದಾರೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ನೆತ್ತಿಗೆ ಬೆಂಕಿ ಹತ್ತಿತು. "ಈ ಮಾತ ಬರದ ಕೊಡ್ರಿ ಸರ, ಕೆಳಗ ಸಹಿ ಹಾಕಿ. ನಪಾಸಾಗಬಹುದು ಅಂತ ಸಾಲಿ ಬಿಡಸಾಕತ್ತೇವಿ ಅಂತ ಬರೀರಿ" ಎಂದೆ.

"ಬರಿಯೂ ಮಾತು ಯಾಕ ಮೇಡಂ? ನಾ ಸಲಹಾ ಕೊಡಾಕತ್ತೇನಿ. ಐದೂ ಬೆರಳು ಸಮ ಇರತಾವೇನು?"

"ಸಮ ಇಲ್ಲಂತ ಕಿರಿಬೆರಳ ಕಡದ ಒಗದೀರೇನ್ರಿ ನೀವು?"

ಅಜ್ಜಿಗೆ ಅಷ್ಟು ಸಾಕಾಯಿತು. ಅವರು ಕೊಡೆಯನ್ನು ನೆಲಕ್ಕೆ ಕುಟ್ಟಿ, "ಮಾಸ್ತರ, ಹೋಗ ಅಂದ್ರ ಹೋಗಾಕ, ಬಾ ಅಂದ್ರ ಬರಾಕ ಇದೇನ ಸಂತಿ ಅಲ್ಲ. ಹೆಸರ ಹಚ್ಚಿ ಕಳಿಸೇವಿ. ಮೊಮ್ಮಗಳ ಇಲ್ಲೇ ಇರತಾಳ" ಎಂದರು.

ಹೆಡ್ಮಾಸ್ತರರು ನನ್ನ ಕಡೆ ತಿರುಗಿದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ, ಮೇಲಿನವರು ಅವರನ್ನು ಕುಟುಕುತ್ತಿದ್ದರು, ಅವರು ನಮ್ಮನ್ನು ಕುಟುಕುತ್ತಿದ್ದರು. ಅವರ ಪ್ರಶ್ನೆಯೂ ಪೊಳ್ಳಾಗಿರಲಿಲ್ಲ. "ಮೇಡಂ, ನಿಮ್ಮ ಮಣ್ಣಿನಾಟ ಕಿಟಕ್ಯಾಗಿಂದ ನೋಡೇನಿ. ಕೂಸು ಖುಷಿಲೆ ಕಲಿತೈತಿ, ಒಪ್ಪಿದೆ. ಆದ್ರ ಪರೀಕ್ಷಾದಾಗ ಬೋರ್ಡಿನವ್ರು ಉತ್ತರಪತ್ರಿಕಾ ಜೋಡಿ ಮಣ್ಣ ಕೊಡತಾರೇನ್ರಿ?"

"ಕೊಡಂಗಿಲ್ರಿ. ಬಾವ್ಯಾಗ ಈಸ ಕಲಸೂಮುಂದ ಬೆನ್ನಿಗೆ ಡಬ್ಬಿ ಕಟ್ಟತೀವಲ್ರಿ, ಈಸ ಬಂದಮ್ಯಾಲೆ ಬಿಚ್ಚತೀವಿ. ಈಕಿ ಡಬ್ಬಿ ಬಿಚ್ಚಾಕತ್ತೇನಿ. ಅರ್ಧಾ ಬಿಚ್ಚಿದಾಗ ನೀವು ಬಾವಿಂದನ ಹೊರಗ ಎಳದ್ರ ಹೆಂಗ್ರಿ?"

ಬಹಳ ಹೊತ್ತು ಹಗ್ಗ ಜಗ್ಗಾಡಿದೆವು. ಕೊನೆಗೆ ಅವರು ಹೇಳಿದ್ದು ಇಷ್ಟು: ಹುಡುಗಿಯ ಹೆಸರು ಕಳಿಸುತ್ತಾರೆ. ಆದರೆ ಅವಳಿಂದ ಶಾಲೆಯ ನೂರು ಹೋದರೆ ಮುಂದಿನ ವರ್ಷ ನನಗೆ ಹತ್ತನೇ ತರಗತಿ ಇಲ್ಲ, ಎಂಟನೆಯವರಿಗೆ ಕಲಿಸಬೇಕು. ಹತ್ತನೆಯವರಿಗೆ ಕಲಿಸುವುದು ನಮ್ಮಲ್ಲಿ ಒಂದು ಮಾನ. ಆ ಮಾನ ಕಳೆದುಕೊಂಡವರನ್ನು ಸ್ಟಾಫ್ ರೂಮು ಹೇಗೆ ನೋಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. "ಆತ್ರಿ. ಎಂಟನೇತ್ತಾ ಕೊಡ್ರಿ. ಅಲ್ಲೂ ಮಕ್ಕಳ ಇರತಾವ" ಎಂದೆ. ಗೋಡೆಗೆ ಆತು ನಿಂತವಳು ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಂದೆಯೇ ಅವಳ ಬಗ್ಗೆ ನಾವು ಮೂವರು ದೊಡ್ಡವರು ಬಡಿದಾಡಿದ್ದೆವು. ನಿನಗೇನು ಅನಿಸುತ್ತದೆ ಎಂದು ಒಬ್ಬರೂ ಅವಳನ್ನು ಕೇಳಲಿಲ್ಲ.

ಚಳಿಗಾಲವೆಲ್ಲ ನಾವು ಡಬ್ಬಿ ಬಿಚ್ಚುವುದರಲ್ಲೇ ಇದ್ದೆವು. ಸಂಕ್ರಾಂತಿಯ ಹೊತ್ತಿಗೆ ಅವಳಿಗೆ ಮಣ್ಣು ಬೇಕಾಗುತ್ತಿರಲಿಲ್ಲ. ಲೆಕ್ಕ ಓದಿ ಕಣ್ಣು ಮುಚ್ಚುವಳು. ಖಾಲಿ ಅಂಗೈಗಳು ಗಾಳಿಯಲ್ಲೇ ಉಂಡೆ ಕಟ್ಟುವವು, ಕೊಳವೆ ಒತ್ತುವವು. ಆಮೇಲೆ ಪೆನ್ನು ಹಿಡಿದು ಬರೆಯುವಳು. ಪಕ್ಕದ ಹುಡುಗಿಯರು ಮೊದಮೊದಲು ನಕ್ಕರು, ಆಮೇಲೆ ಅವರಲ್ಲೇ ಒಬ್ಬಿಬ್ಬರು ಗಾಳಿಯಲ್ಲಿ ಕೈ ಆಡಿಸತೊಡಗಿದರು. ಪರೀಕ್ಷೆಯ ಕೋಣೆಯಲ್ಲಿ ಅವಳ ಕೈ ನೋಡಿ ಮೇಲ್ವಿಚಾರಕರು ಏನೆಂದುಕೊಂಡರೋ ನನಗೆ ಗೊತ್ತಿಲ್ಲ.

ಫಲಿತಾಂಶ ಬಂದ ದಿನ ನಾನು ಬೈರಿದೇವರಕೊಪ್ಪದ ಮನೆಯಲ್ಲಿ ಮೊಬೈಲು ಹಿಡಿದು ಕುಳಿತಿದ್ದೆ. ಗಣಿತದಲ್ಲಿ ಪಾಸು. ತೇಲಿ ಪಾಸಾದದ್ದಲ್ಲ, ನೆಲ ಮೆಟ್ಟಿ ಪಾಸಾಗಿದ್ದಳು. ಕುಣಿಯಬೇಕೆನ್ನಿಸಿತು. ಬೆರಳಿನಿಂದ ಪರದೆಯನ್ನು ಮೇಲೆ ಸರಿಸಿದಾಗ ಇಂಗ್ಲಿಷ್ ಕಂಡಿತು. ನಪಾಸು. ಇಡೀ ತರಗತಿಯಲ್ಲಿ ಅವಳೊಬ್ಬಳೇ.

ಮರುದಿನ ಶಾಲೆಗೆ ಹೋದಾಗ ಹೆಡ್ಮಾಸ್ತರರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಎಂಟನೇತ್ತಾದ ವೇಳಾಪಟ್ಟಿ ಬರೂ ವಾರ ಕೊಡತೇನ್ರಿ" ಎಂದರು, ಅಷ್ಟೇ. ಸ್ಟಾಫ್ ರೂಮಿನಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬರು ಮಾತ್ರ, "ಒಂದ ಹುಡುಗಿ ಸಲುವಾಗಿ ಇಡೀ ಸಾಲಿ ಮಾನ ಹೋತು" ಎಂದು ಕಿಟಕಿಗೆ ಹೇಳಿದರು. "ಆ ಹುಡುಗಿ ಈ ಸಾಲಿಯಾಕಿನ ರೀ" ಎಂದು ನಾನೂ ಕಿಟಕಿಗೇ ಹೇಳಿದೆ. ನಾನು ತಪ್ಪು ಮಾಡಿದೆನೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಆದರೆ ಅವಳು ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿರಬಹುದು, ಇನ್ನು ಬರುವುದೇ ಇಲ್ಲವೇನೋ ಎಂಬ ಚಿಂತೆ ಮಾತ್ರ ಇತ್ತು.

ಬಿದ್ದವರು ಮತ್ತೆ ಬರೆಯುವ ಎರಡನೇ ಪರೀಕ್ಷೆ ಸ್ವಲ್ಪ ದಿನಗಳಲ್ಲೇ ಇರುತ್ತದೆ. ಅದರಲ್ಲಿ ಅವಳು ಇಂಗ್ಲಿಷ್ ಪಾಸಾದಳು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ದೊಡ್ಡದೆನಿಸಿದ್ದು ಆ ಪಾಸಲ್ಲ. ಅದಕ್ಕೂ ಮೊದಲು, ಫಲಿತಾಂಶದ ಮೂರನೆಯ ದಿನವೋ ನಾಲ್ಕನೆಯ ದಿನವೋ ನಡೆದದ್ದು.

ಬೆಳಗಿನ ಹೊತ್ತು, ಸ್ಟಾಫ್ ರೂಮು. ಇಂಗ್ಲಿಷ್ ಸರ್ ಕಪಾಟಿನ ಹತ್ತಿರ ಪುಸ್ತಕ ಜೋಡಿಸುತ್ತಿದ್ದರು, ನಾನು ಹತ್ತನೇ ತರಗತಿಯ ನನ್ನ ಸಾಮಾನು ಕಟ್ಟಿಡುತ್ತಿದ್ದೆ. ಅವಳು ಒಳಗೆ ಬಂದಳು. ಒಬ್ಬಳೇ. ಅಜ್ಜಿ ಇಲ್ಲ, ಅಪ್ಪ ಇಲ್ಲ. ಅತ್ತು ಕಣ್ಣು ಬಾತಿದ್ದವು. ನನ್ನ ಹತ್ತಿರ ಬರುತ್ತಾಳೆಂದು ನಾನು ಎದ್ದು ನಿಂತೆ. ಅವಳು ನನ್ನನ್ನು ದಾಟಿ ನೇರ ಸರ್ ಮುಂದೆ ಹೋಗಿ ನಿಂತಳು.

"ಸರ, ಎರಡನೇ ಪರೀಕ್ಷಾ ಕಟ್ಟತೇನ್ರಿ. ನನಗ ಇಂಗ್ಲಿಷ್ ಕಲಸ್ರಿ."

"ವರ್ಷಾ ಪೂರ್ತಿ ಕಲಿಸಿದ್ದು ಏನಾತು?" ಎಂದರು ಸರ್, ತಿರುಗಿ ನೋಡದೆ. "ನೋಟ್ಸ್ ಅದಾವಲ್ಲ, ಹೋಗಿ ಓದು. ನನ್ನ ಕಡೆ ಮಣ್ಣಗಿಣ್ಣ ಇಲ್ಲ ನೋಡು."

"ಮಣ್ಣ ಬ್ಯಾಡ್ರಿ ಸರ. ಇಂಗ್ಲಿಷಿಗೆ ಮಣ್ಣ ಏನ ಮಾಡತೈತ್ರಿ?" ಅವಳು ಅಲ್ಲಿಗೇ ನಿಲ್ಲಲಿಲ್ಲ. "ನೀವು ಬೋರ್ಡಿನ ಮ್ಯಾಲೆ ಬರದ್ರ ನಾ ಬರೀ ಇಳಸ್ಕೋತೇನ್ರಿ, ಒಳಗ ಹೋಗೂದಿಲ್ಲ. ಮೊದಲ ಬಾಯಿಲೆ ಹೇಳ್ರಿ. ನಾ ತಿರುಗಿ ನಿಮಗ ಹೇಳತೇನಿ. ತಪ್ಪಿದ್ರ ಅಲ್ಲೇ ತಡೀರಿ. ಬಾಯಾಗ ಕುಂತಮ್ಯಾಲೆ ಬರೀತೇನಿ. ಹಂಗ ಕಲಸಿದ್ರ ನನಗ ಬರತೈತ್ರಿ."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ. ಇಂಗ್ಲಿಷ್ ಅವಳಿಗೆ ಕಿವಿಯಿಂದ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಮೂರು ದಿನ ಅತ್ತು, ಅಳುತ್ತಲೇ ತನ್ನ ತಲೆಯೊಳಗೆ ಯಾವುದು ಹೇಗೆ ಹೋಗುತ್ತದೆ ಎಂದು ಅವಳೇ ಹುಡುಕಿಕೊಂಡು ಬಂದಿದ್ದಳು. ಸರ್ ನನ್ನ ಕಡೆ ಅನುಮಾನದಿಂದ ನೋಡಿದರು. ನಾನು ಹೇಳಿಕೊಟ್ಟದ್ದಲ್ಲ ಎಂದು ತಲೆ ಅಲ್ಲಾಡಿಸಿದೆ.

ಸರ್ ಪುಸ್ತಕ ಕೆಳಗಿಟ್ಟು ಪೂರ್ತಿ ಅವಳ ಕಡೆ ತಿರುಗಿದರು. "ಅಲ್ಲಬೇ, ಇಷ್ಟ ವರ್ಷ ಎಲ್ಲಾರಿಗೂ ಒಂದ ನಮೂನಿ ಕಲಿಸೇನಿ. ಈಗ ನಿನಗೊಬ್ಬಾಕಿಗೆ ಬ್ಯಾರೆ ಕಲಸಬೇಕೇನು?"

"ಹೌದ್ರಿ ಸರ, ನನಗೊಬ್ಬಾಕಿಗೆ" ಎಂದಳು. "ನಪಾಸಾದಾಕಿ ನಾನೊಬ್ಬಾಕಿನ ಅಲ್ಲೇನ್ರಿ?"

ಸರ್ ಒಂದು ಕುರ್ಚಿ ಎಳೆದು ಅವಳ ಮುಂದೆ ಇಟ್ಟರು.